ಜೊತೆಗಾರರ ಮುನಿಸು, ಮೆಚ್ಚುಗೆ: ‘ಡ್ರ್ಯಾಗನ್ ಏಜ್’ ಪ್ರಶ್ನೋತ್ತರ

ಪ್ರಶ್ನೆ: ‘ಡ್ರ್ಯಾಗನ್ ಏಜ್: ಒರಿಜಿನ್ಸ್’ ವಿಡಿಯೊ ಗೇಮ್‌ನಲ್ಲಿ ಕಷ್ಟದಲ್ಲಿರುವವರಿಗೆ ನೆರವಾದಾಗಲೆಲ್ಲ ಜೊತೆಗಾತಿ ಮಾರಿಗನ್ ಮುಖ ಸಿಂಡರಿಸುತ್ತಾಳೆ, ಮೆಚ್ಚುಗೆಯ ಅಂಕ ಇಳಿಯುತ್ತದೆ. ಅವಳನ್ನು ಬಿಟ್ಟುಬಿಡುವುದೇ ವಾಸಿಯೆ?

ಉತ್ತರ: ಬಿಡಬೇಡಿ. ಯಾವ ಕೆಲಸಕ್ಕೆ ಯಾರನ್ನು ಕರೆದೊಯ್ಯುತ್ತೀರಿ ಎಂಬುದನ್ನು ಬದಲಿಸಿ, ಸಾಕು. ಮೆಚ್ಚುಗೆ ಮೈನಸ್ 100ರಿಂದ 100ರವರೆಗೆ ಓಡುತ್ತದೆ. ನಿಮ್ಮ ತೀರ್ಮಾನಗಳಿಗೆ ಬಹುಪಾಲು ಆಗ ಪಕ್ಕದಲ್ಲಿದ್ದವರೇ ಪ್ರತಿಕ್ರಿಯಿಸುತ್ತಾರೆ. ಪಾರ್ಟಿಯಲ್ಲಿ, ಅಂದರೆ ಜೊತೆ ನಡೆಯುವ ತಂಡದಲ್ಲಿ, ನೀವು ಸೇರಿ ನಾಲ್ವರಿಗೆ ಮಾತ್ರ ಜಾಗ. ಹಾಗಾಗಿ ದಾನಧರ್ಮದ ಕೆಲಸಕ್ಕೆ ಹೊರಟಾಗ ಅಲಿಸ್ಟರ್, ಲೆಲಿಯಾನಾ, ವಿನ್ ಜೊತೆಗಿರಲಿ, ಮಾರಿಗನ್ ಕ್ಯಾಂಪಿನಲ್ಲಿರಲಿ.

ಇಳಿದ ಅಂಕವನ್ನು ಉಡುಗೊರೆಯಿಂದ ಏರಿಸಬಹುದು. ಆದರೆ ಒಬ್ಬರಿಗೆ ಕೊಡುತ್ತ ಹೋದಂತೆ ಮುಂದಿನ ಉಡುಗೊರೆಯ ಫಲ ಒಂದೊಂದು ಅಂಕ ಕುಗ್ಗುತ್ತದೆ. ಎಷ್ಟೇ ಕುಗ್ಗಿದರೂ ಒಂದಂಕವಂತೂ ಸಿಗುತ್ತದೆ. ಆದ್ದರಿಂದ ಅವರಿಗೆ ತೀರಾ ಇಷ್ಟವಾದದ್ದನ್ನು ಮೊದಲು ಕೊಡಿ, ಚಿಲ್ಲರೆ ಸಾಮಾನು ಆಮೇಲೆ. ಮಾರಿಗನ್‌ಗೆ ಚಿನ್ನದ ಕನ್ನಡಿ ಆರ್ಜಮಾರ್‌ನ ವ್ಯಾಪಾರಿ ಗ್ಯಾರಿನ್ ಹತ್ತಿರ ಸಿಗುತ್ತದೆ. ಮಾಂತ್ರಿಕರ ಗೋಪುರದಲ್ಲಿ ಇರ್ವಿಂಗ್‌ನ ಕೋಣೆಯಲ್ಲಿರುವ ಕಪ್ಪು ಗ್ರಂಥವನ್ನಂತೂ ಬಿಟ್ಟು ಬರಬೇಡಿ. ಅವಳ ತಾಯಿ ಫ್ಲೆಮೆತ್‌ಳನ್ನು ಎದುರಿಸುವ ಕ್ವೆಸ್ಟ್ (ಆಟದೊಳಗಿನ ಕಾರ್ಯ) ತೆರೆದುಕೊಳ್ಳುವುದೇ ಅದರಿಂದ. ಆ ಕಾಳಗಕ್ಕೆ ಮಾರಿಗನ್ ಬರುವುದಿಲ್ಲ. ಡ್ರ್ಯಾಗನ್ ರೂಪದ ಎದುರಾಳಿಗೆ ತಕ್ಕ ಮೂವರನ್ನು ಮೊದಲೇ ಸಜ್ಜು ಮಾಡಿಕೊಳ್ಳಿ.

ಪ್ರಶ್ನೆ: ಲೋಥರಿಂಗ್‌ನಲ್ಲಿ ಪಂಜರದೊಳಗಿದ್ದ ಯೋಧ ಸ್ಟೆನ್‌ನನ್ನು ಆಮೇಲೆ ಬಿಡಿಸೋಣ ಎಂದು ಮುಂದೆ ಹೋದೆ. ಈಗ ಆ ಊರೇ ನಕ್ಷೆಯಲ್ಲಿ ತೆರೆಯುತ್ತಿಲ್ಲ!

ಉತ್ತರ: ತೆರೆಯುವುದೂ ಇಲ್ಲ. ಒಪ್ಪಂದಗಳ ಪ್ರಕಾರ ಸೈನ್ಯ ಕೂಡಿಸುವ ದೊಡ್ಡ ಕ್ವೆಸ್ಟ್‌ಗಳಲ್ಲಿ ಒಂದನ್ನು ಮುಗಿಸುವಷ್ಟರಲ್ಲಿ ಲೋಥರಿಂಗ್ ನಾಶವಾಗಿರುತ್ತದೆ. ಹಳೆಯ ಸೇವ್ (ಉಳಿಸಿಟ್ಟ ಆಟ) ಇದ್ದರೆ ಅಲ್ಲಿಗೆ ಮರಳಿ, ಇಲ್ಲದಿದ್ದರೆ ಈ ಸಲ ಸ್ಟೆನ್ ಇಲ್ಲದೆ ಆಡಬೇಕಷ್ಟೆ. ಮುಂದಿನ ಸಲ ಊರಿಗೆ ಕಾಲಿಟ್ಟ ಮೇಲೆ ಮೊದಲು ಹೆಂಡದಂಗಡಿಗೆ ಹೋಗಿ ಲೆಲಿಯಾನಾಳನ್ನು ಸೇರಿಸಿಕೊಳ್ಳಿ. ಪಂಜರದ ಕೀಲಿ ಇರುವುದು ಚಾಂಟ್ರಿಯ (ಆ ಲೋಕದ ಚರ್ಚಿನ) ಹಿರಿಯ ಮಾತೆಯ ಬಳಿ, ಅವಳನ್ನು ಒಪ್ಪಿಸಲು ಲೆಲಿಯಾನಾ ಜೊತೆಗಿದ್ದರೆ ಸಲೀಸು. ಸ್ಟೆನ್ ಬಂದ ಮೇಲೆ ಅವನ ಕಳೆದುಹೋದ ಖಡ್ಗ ಅಸಾಲಾ ಹುಡುಕಬೇಕು. ಕ್ಯಾಲೆನ್‌ಹ್ಯಾಡ್ ಸರೋವರದ ಬಳಿ ಹೆಕ್ಕಿ ತಿನ್ನುವವನೊಬ್ಬ ಸಿಗುತ್ತಾನೆ, ಅವನು ಫ್ರಾಸ್ಟ್‌ಬ್ಯಾಕ್ ಬೆಟ್ಟದ ವ್ಯಾಪಾರಿ ಫ್ಯಾರಿನ್ ಕಡೆ ಕೈತೋರಿಸುತ್ತಾನೆ, ಫ್ಯಾರಿನ್ ರೆಡ್‌ಕ್ಲಿಫ್‌ನ ಡ್ವಿನ್ ಕಡೆ. ಬಾಯಿ ಬಿಡದ ಸ್ಟೆನ್ ಸಲುಗೆಗೆ ಬರುವುದು ಈ ಖಡ್ಗ ಕೈಸೇರಿದ ಮೇಲೆಯೇ.

ಪ್ರಶ್ನೆ: ವಿನ್ ಹತ್ತಿರ ಗುಣಪಡಿಸುವ ಮಂತ್ರವಿದೆ. ಆದರೂ ನಾನು ಸಾಯುತ್ತಿರುವಾಗ ಅವಳು ಶತ್ರುವಿನ ಮೇಲೆ ಕೋಲು ಬೀಸುತ್ತಿರುತ್ತಾಳೆ. ಯಾಕೆ?

ಉತ್ತರ: ಜೊತೆಗಾರರು ತಾವಾಗಿ ಯಾವಾಗ ಏನು ಮಾಡಬೇಕೆಂದು ಹೇಳುವ ಟ್ಯಾಕ್ಟಿಕ್ಸ್ ಪಟ್ಟಿಯ ಸಾಲುಗಳು ತಲೆಕೆಳಗಾಗಿವೆ. ಆಟ ಪಟ್ಟಿಯನ್ನು ಮೇಲಿನಿಂದ ಓದುತ್ತ ಬಂದು, ಷರತ್ತು ಹೊಂದಿದ ಮೊದಲ ಸಾಲಿನಲ್ಲೇ ನಿಂತು ಅದನ್ನು ಮಾಡಿಬಿಡುತ್ತದೆ. ‘ಯಾವುದೇ ಶತ್ರು ಕಂಡರೆ ದಾಳಿ’ ಎಂಬುದು ಮೇಲಿದ್ದರೆ ಆ ಷರತ್ತು ಯಾವಾಗಲೂ ನಿಜ, ಕೆಳಗಿನ ಸಾಲುಗಳ ಸರದಿಯೇ ಬರುವುದಿಲ್ಲ. ಮೊದಲ ಸಾಲಿನಲ್ಲಿ ತನ್ನ ಆರೋಗ್ಯ ಶೇ 25ಕ್ಕಿಂತ ಕೆಳಗಿಳಿದರೆ ಮದ್ದು ಕುಡಿಯುವುದು. ಎರಡನೆಯದು ಸಂಗಾತಿಯ ಆರೋಗ್ಯ ಶೇ 50ಕ್ಕಿಂತ ಕಡಿಮೆಯಾದರೆ ಹೀಲ್, ಅಂದರೆ ಗುಣಪಡಿಸುವ ಮಂತ್ರ. ದಾಳಿ ಎಲ್ಲಕ್ಕಿಂತ ಕೊನೆಗೆ. ನಿರಂತರ ಚಾಲೂ ಇರುವ ಮಂತ್ರಗಳನ್ನು ಮೇಲೆ ಇಟ್ಟರೂ ತೊಂದರೆಯಿಲ್ಲ, ಒಮ್ಮೆ ಚಾಲೂ ಆದ ಮೇಲೆ ಆಟ ಆ ಸಾಲನ್ನು ದಾಟಿ ಹೋಗುತ್ತದೆ.

ಮಾರಿಗನ್‌ಗೆ ಬೆಂಕಿಯುಂಡೆಯಂಥ ಮಂತ್ರ ಕಲಿಸಿದ್ದರೆ ಅದನ್ನು ಪಟ್ಟಿಗೆ ಸೇರಿಸದೆ ನೀವೇ ಕೈಯಾರೆ ಗುರಿಯಿಡಿ. ಆಟದ ಮಟ್ಟ ಕಠಿಣವಾದಂತೆ ಅದು ಸ್ವಂತ ಪಾರ್ಟಿಯನ್ನೂ ಸುಡುತ್ತದೆ. ಅಲಿಸ್ಟರ್ ಬಿದ್ದದ್ದು ಶತ್ರುವಿನಿಂದ ಅಂದುಕೊಂಡವರು ಬಹಳ.

ಪ್ರಶ್ನೆ: ಸಾಮಂತರು ಸೇರುವ ಲ್ಯಾಂಡ್ಸ್‌ಮೀಟ್ ಸಭೆಯಲ್ಲಿ ದ್ರೋಹಿ ಸೇನಾಪತಿ ಲೋಗೇನ್‌ನನ್ನು ಉಳಿಸಿಯೂ ಅಲಿಸ್ಟರ್‌ನನ್ನು ಪಾರ್ಟಿಯಲ್ಲಿ ಇಟ್ಟುಕೊಳ್ಳಬಹುದೆ?

ಉತ್ತರ: ಇಲ್ಲ. ಇಬ್ಬರಲ್ಲಿ ಒಬ್ಬರು. ಮೆಚ್ಚುಗೆ 100 ಇದ್ದರೂ ಅಲಿಸ್ಟರ್ ಹೊರನಡೆಯುತ್ತಾನೆ. ತನ್ನ ಗುರು ಡಂಕನ್‌ನ ಸಾವಿಗೆ ಕಾರಣನಾದವನನ್ನು ತಮ್ಮದೇ ಯೋಧಪಂಗಡದ ವಾರ್ಡನ್ ಮಾಡಿಕೊಂಡರೆ ಇನ್ನೇನು ಮಾಡಿಯಾನು? ಇಲ್ಲಿ ಆಟದ ಕಥೆ ಬರೆದವರು ರಿಯಾಯಿತಿ ಕೊಡದಿದ್ದದ್ದೇ ಸರಿ. ಅವನನ್ನು ರಾಜನಾಗಿಸುವ ಯೋಚನೆಯಿದ್ದರೆ ಸಭೆಗೆ ಮುಂಚೆಯೇ ಡೆನರಿಮ್‌ನಲ್ಲಿ ಅವನ ಅಕ್ಕ ಗೋಲ್ಡಾನಾಳ ಮನೆಗೆ ಕರೆದೊಯ್ಯಿರಿ. ಅವಳು ಬೈದು ಕಳಿಸಿದ ಮೇಲೆ ಸಮಾಧಾನ ಹೇಳದೆ, ಎಲ್ಲರೂ ತಮ್ಮ ತಮ್ಮ ಲಾಭವನ್ನೇ ನೋಡುತ್ತಾರೆ ಎಂಬರ್ಥದ ಉತ್ತರ ಆರಿಸಿ. ಆಮೇಲೆ ಮಾತಿಗೆ ಕುಳಿತಾಗ ಅವನೇ ಆ ಮಾತು ಎತ್ತಿದರೆ ಮನಸ್ಸು ಗಟ್ಟಿಯಾಗಿದೆ ಎಂದು ತಿಳಿಯಿರಿ.

ಪ್ರಶ್ನೆ: ಪವಿತ್ರ ಭಸ್ಮಕ್ಕೆ ಡ್ರ್ಯಾಗನ್ ರಕ್ತ ಸುರಿದರೆ ಡ್ರ್ಯಾಗನ್ ಆರಾಧಕರ ಮುಖಂಡ ಕೋಲ್‌ಗ್ರಿಮ್ ರೀವರ್ ಎಂಬ ಯೋಧವಿದ್ಯೆ ಕಲಿಸುತ್ತಾನಂತೆ. ಮಾಡಲೇ?

ಉತ್ತರ: ಮಾಡುವುದಾದರೆ ವಿನ್ ಮತ್ತು ಲೆಲಿಯಾನಾ ಎದುರಿಗೆ ಬೇಡ. ಜೊತೆಗಿದ್ದರೆ ನಿಮ್ಮ ಮೇಲೆಯೇ ಕತ್ತಿ ಎತ್ತುತ್ತಾರೆ. ಮೊದಲೇ ಮನಸ್ಸು ಕಠಿಣವಾಗಿರುವ ಲೆಲಿಯಾನಾ ಮಾತ್ರ ಇದಕ್ಕೆ ಹೊರತು.

ಪ್ರಶ್ನೆ: 2011ರ ‘ಡ್ರ್ಯಾಗನ್ ಏಜ್ 2’ರಲ್ಲಿ ಇಸಾಬೆಲಾ ಜೊತೆ ಸ್ಪರ್ಧೆಯ ಅಂಕ ಏರುತ್ತಿದೆ. ಸ್ನೇಹದ ಕಡೆ ತಿರುಗಿಸಲೇ?

ಉತ್ತರ: ಈಗ ತಿರುಗಿಸಿದರೆಯೇ ನಷ್ಟ. ಈ ಆಟದಲ್ಲಿ ಸ್ನೇಹ, ಸ್ಪರ್ಧೆ ಎರಡೂ ಒಂದೇ ಅಳತೆಪಟ್ಟಿಯ ಎರಡು ತುದಿಗಳು, ಯಾವ ತುದಿಗೆ ಹೋದರೂ ಲಾಭ. ಕೆಟ್ಟದ್ದು ನಡುವಿನಲ್ಲಿ ಉಳಿಯುವುದು. ಕಥೆಯ ಎರಡನೇ ಭಾಗದ (ಆ್ಯಕ್ಟ್ 2) ಕೊನೆಗೆ ಓಡಿಹೋಗುವ ಇಸಾಬೆಲಾ ಮರಳಿ ಬರಬೇಕಾದರೆ ಯಾವುದಾದರೂ ಒಂದು ಕಡೆ ಕನಿಷ್ಠ ಅರ್ಧದಷ್ಟಾದರೂ ತುಂಬಿರಬೇಕು. ಇಷ್ಟು ದೂರ ಜಗಳವಾಡಿದ್ದೀರಿ, ಜಗಳವನ್ನೇ ಪೂರ್ತಿ ಮಾಡಿ.

ಪ್ರಶ್ನೆ: ಸರಣಿಯ ಮೂರನೇ ಆಟ ‘ಇನ್‌ಕ್ವಿಸಿಷನ್’ನಲ್ಲಿ ಕುನಾರಿ ಜನಾಂಗದ ಜೊತೆಗಾರ ಐರನ್ ಬುಲ್‌ನ ಚಾರ್ಜರ್ಸ್ ತಂಡವನ್ನು ಬಲಿಕೊಟ್ಟು ಕುನಾರಿಗಳ ಹಡಗು ಉಳಿಸಿದೆ. ಮುಂದೆ ತೊಂದರೆಯಿದೆಯೆ?

ಉತ್ತರ: ಇದೆ. 2015ರಲ್ಲಿ ಬಂದ ‘ಟ್ರೆಸ್‌ಪಾಸರ್’ ಎಂಬ ಹೆಚ್ಚುವರಿ ಭಾಗದಲ್ಲಿ ಬುಲ್ ನಿಮಗೆ ಎದುರು ನಿಲ್ಲುತ್ತಾನೆ, ಅವನ ಜೊತೆ ಪ್ರೇಮವಿದ್ದರೂ ಅಷ್ಟೇ. ಚಾರ್ಜರ್ಸ್‌ಗೆ ಹಿಂದೆ ಸರಿಯಲು ಕಹಳೆ ಊದಿಸಿದ್ದರೆ ಕುನಾರಿಗಳ ಮೈತ್ರಿ ಮುರಿಯುತ್ತಿತ್ತು, ಬುಲ್ ಉಳಿಯುತ್ತಿದ್ದ. ಆ ಕ್ವೆಸ್ಟ್‌ಗೆ ಮುಂಚಿನ ಸೇವ್ ಇದ್ದರೆ ಈಗಲೇ ಅಲ್ಲಿಗೆ ಮರಳಿ. ಇಲ್ಲವಾದರೆ ‘ಟ್ರೆಸ್‌ಪಾಸರ್’ನ ಕೊನೆಯ ಹಂತಕ್ಕೆ ಅವನನ್ನು ಪಾರ್ಟಿಗೆ ಸೇರಿಸಬೇಡಿ, ಕಾಳಗದ ನಡುವೆ ನಿಮ್ಮ ಕಡೆಯ ಒಬ್ಬ ಕಡಿಮೆಯಾಗುವುದು ತಪ್ಪುತ್ತದೆ.