ಇಸಿ 'ನಿಲ್' ಬಂದಿದೆ, ಅಡ್ವಾನ್ಸ್ ಕೊಡಬಹುದಾ?

ಪ್ರಶ್ನೆ: ಬೆಂಗಳೂರಿನ ಹೊರವಲಯದ ಬಡಾವಣೆಯೊಂದರಲ್ಲಿ ಮೂವತ್ತು ನಲವತ್ತರ ಸೈಟಿನ ಮನೆ ನೋಡಿದ್ದೇವೆ. ಮಾರುವವರು 2011ರಲ್ಲಿ ಕೊಂಡಿದ್ದಂತೆ. ಬ್ರೋಕರ್ 2004ರಿಂದ ಈವರೆಗಿನ ಇಸಿ (ಋಣಭಾರ ಪ್ರಮಾಣಪತ್ರ, ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತಂದುಕೊಟ್ಟಿದ್ದಾರೆ. ಫಾರಂ 16, ಪೂರ್ತಿ ನಿಲ್. ಖಾತೆಯೂ ಮಾರುವವರ ಹೆಸರಿನಲ್ಲೇ ಇದೆ. ಆದರೂ ನಮ್ಮ ವಕೀಲರು ಮೂವತ್ತು ವರ್ಷದ ಪತ್ರ ಕೇಳುತ್ತಿದ್ದಾರೆ. 'ಇಷ್ಟು ಕ್ಲೀನ್ ಇರುವಾಗ ಅದೆಲ್ಲ ಯಾಕೆ? ಬೇರೆ ಪಾರ್ಟಿ ರೆಡಿ ಇದ್ದಾರೆ' ಅಂತ ಬ್ರೋಕರ್ ಅವಸರ ಮಾಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಆ ನಿಲ್ ಇಸಿಯೇ ನನಗೆ ಅನುಮಾನ ತರಿಸುತ್ತಿದೆ. 2011ರಲ್ಲಿ ಕೊಂಡಿದ್ದು ನಿಜವಾದರೆ ಆ ಕ್ರಯಪತ್ರ ಇಸಿಯಲ್ಲಿ ಬರಲೇಬೇಕು ಅಲ್ವಾ? ಆ ಅವಧಿಯಲ್ಲಿ ನೋಂದಣಿಯಾದ ವ್ಯವಹಾರ ಒಂದಿದ್ದರೂ ಸಿಗುವುದು ಫಾರಂ 15. ಹುಡುಕಿ ಏನೂ ಸಿಗದಿದ್ದಾಗ ಮಾತ್ರ ಫಾರಂ 16 ಕೊಡುತ್ತಾರೆ. ಹಾಗಾದರೆ 2011ರ ಪತ್ರ ಎಲ್ಲಿ ಹೋಯಿತು?

ಸಾಮಾನ್ಯವಾಗಿ ಹುಡುಕಲು ಕೊಟ್ಟ ವಿವರ ತಪ್ಪಿರುತ್ತದೆ. ಪತ್ರದ ಷೆಡ್ಯೂಲಿನಲ್ಲಿ (ಆಸ್ತಿಯ ವಿವರ ಕೊಡುವ ಭಾಗದಲ್ಲಿ) ಸರ್ವೆ ನಂಬರೂ ಸೈಟ್ ನಂಬರೂ ಇರುತ್ತವೆ. ಬ್ರೋಕರ್ ಈಗಿನ ಖಾತೆ ನಂಬರ್ ಹಾಕಿ ಅರ್ಜಿ ಕೊಟ್ಟಿರುತ್ತಾರೆ. ಇಲ್ಲವೇ ಆಗ ಆ ಹಳ್ಳಿ ಬೇರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಸೇರಿದ್ದಿರಬಹುದು. ಮೂರನೆಯ ಸಾಧ್ಯತೆ ಮಾತ್ರ ಅಪಾಯದ್ದು: ಕ್ರಯವೇ ಆಗಿರದೆ ಬರೀ ಅಗ್ರಿಮೆಂಟು, ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಸೈಟು ಕೈ ಬದಲಾಗಿರಬಹುದು. ಜಿಪಿಎ ಬರೆದುಕೊಟ್ಟ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

ಮೊದಲು ಆ 2011ರ ಪತ್ರದ ಪ್ರತಿ ಕೇಳಿ. ಅದರಲ್ಲಿ ಷೆಡ್ಯೂಲ್ ಎಲ್ಲಿದೆ ನೋಡಿ: ಸರ್ವೆ ನಂಬರ್, ಸೈಟ್ ನಂಬರ್, ಅಳತೆ, ನಾಲ್ಕು ದಿಕ್ಕಿನ ಚಕ್ಕುಬಂದಿ. ಅದೇ ವಿವರ ಹಾಕಿ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ನೀವೇ ಇಸಿ ತೆಗೆಸಿ. ಸರ್ವೆ ನಂಬರ್ ಮೇಲೆ ಇನ್ನೊಂದು ತೆಗೆಸಿ. ಸೈಟಿಗೆ ಹೋಗಿ ಚಕ್ಕುಬಂದಿಯನ್ನೂ ತಾಳೆ ನೋಡಿ. ಪತ್ರದಲ್ಲಿ ಪೂರ್ವಕ್ಕೆ ರಸ್ತೆ ಅಂತಿದ್ದು, ಅಲ್ಲಿ ನೋಡಿದರೆ ಪಕ್ಕದವರ ಗೋಡೆ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್ನು ಮೂವತ್ತು ವರ್ಷ ಯಾಕೆ? ಜಾಗ ತನ್ನದು ಅಂತ ದಾವೆ ಹೂಡಲು ಖಾಸಗಿಯವರಿಗೆ ಸಾಮಾನ್ಯವಾಗಿ 12 ವರ್ಷ, ಸರ್ಕಾರಕ್ಕೆ 30 ವರ್ಷ ಕಾಲಾವಕಾಶವಿದೆ. ವಕೀಲರು ಅಷ್ಟು ಹಿಂದಕ್ಕೆ, ಸಾಧ್ಯವಾದರೆ ಮೂಲ ಪತ್ರದವರೆಗೆ ಹೋಗುವುದು ಇದಕ್ಕೇ. ಆನ್‌ಲೈನ್ ಇಸಿ ಸಿಗುವುದು 2004ರ ಏಪ್ರಿಲ್ 1ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೇ ಅರ್ಜಿ ಕೊಡಬೇಕು. ಹಳೇ ಪುಸ್ತಕ ತಿರುವಿ ಹುಡುಕಬೇಕಾದ ಕೆಲಸ, ತಡವಾಗುತ್ತದೆ.

ನಿಮ್ಮದು ಹೊಲ ಬಡಾವಣೆಯಾದ ಜಾಗವಾಗಿದ್ದರೆ ಮೂವತ್ತು ವರ್ಷವೂ ಸಾಲದು. ಹಳೇ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ದಾಖಲೆ, ಹೊಲವನ್ನು ಕೃಷಿಯೇತರ ಬಳಕೆಗೆ ಬದಲಿಸಿದ ಡಿಸಿ ಕನ್ವರ್ಷನ್ ಆದೇಶ ಬೇಕು. ಮುಖ್ಯವಾಗಿ, ಜಮೀನು ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿತ್ತಾ ಅಂತ ತಿಳಿಯಬೇಕು. ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ಆ ಮಾರಾಟವೇ ರದ್ದಾಗಬಹುದು. 2023ರ ತಿದ್ದುಪಡಿಯಂತೂ ಮೂಲ ಮಂಜೂರುದಾರರು ಅರ್ಜಿ ಹಾಕಲು ಕಾಲಮಿತಿಯೇ ಇಲ್ಲ ಅನ್ನುತ್ತದೆ.

ಸರಿಯಾದ ಇಸಿ ಬಂದರೂ ಅದರಲ್ಲಿ ಕಾಣುವುದು ನೋಂದಣಿಯಾದ ಪತ್ರಗಳು ಮಾತ್ರ. ನೋಂದಣಿಯಾಗದ ವಿಲ್ ಕಾಣದು. ಕೋರ್ಟಿನಲ್ಲಿರುವ ಕೇಸೂ ಸಾಮಾನ್ಯವಾಗಿ ಕಾಣದು. ಮಾರುವವರ, ಅವರಿಗೆ ಮಾರಿದವರ ಹೆಸರನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಿ. ಪತ್ರ ಒತ್ತೆ ಇಟ್ಟು ತೆಗೆದ ಬ್ಯಾಂಕ್ ಸಾಲಕ್ಕೆ, ಇಂಥ ಅಡಮಾನಗಳನ್ನು ದಾಖಲಿಸುವ ಸೆರ್ಸೈ (CERSAI) ಜಾಲತಾಣದಲ್ಲಿ ಹುಡುಕಿ. ಒರಿಜಿನಲ್ ಪತ್ರ ಕೇಳಿದರೆ 'ಊರಲ್ಲಿದೆ' ಅನ್ನುತ್ತಾ ಜೆರಾಕ್ಸೇ ತೋರಿಸಿದರೆ, ಅದು ಯಾವುದೋ ಬ್ಯಾಂಕಿನ ಲಾಕರಿನಲ್ಲಿದೆ ಅಂತಲೇ ಅನುಮಾನಿಸಿ.

ಖಾತೆ ತೆರಿಗೆ ಕಟ್ಟುವುದಕ್ಕೆ. ಅದರಿಂದ ಹಕ್ಕು ಹುಟ್ಟುವುದಿಲ್ಲ.

ಆ 'ಬೇರೆ ಪಾರ್ಟಿ'ಗೆ ಅಷ್ಟು ಆತುರವಿದ್ದರೆ ಅವರೇ ತಗೊಳ್ಳಲಿ ಬಿಡಿ.

ಪ್ರಶ್ನೆ: ತುಮಕೂರಿನಲ್ಲಿ ನೋಡಿರುವ ಮನೆ, ಮಾರುತ್ತಿರುವ ಅಣ್ಣತಮ್ಮಂದಿರ ತಂದೆ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು. ತಂದೆ ವಿಲ್ ಬರೆಯದೆ ತೀರಿಕೊಂಡಿದ್ದಾರೆ. ಇಬ್ಬರು ತಂಗಿಯರಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ ಅನ್ನುತ್ತಾರೆ. ತಂಗಿಯರ ಸಹಿ ಬೇಕಾ?

ಉತ್ತರ: ಬೇಕೇ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲೇ ಬಂದಿದೆ. ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಂದೆ ತೀರಿಕೊಂಡಾಗ ಆ ತಂದೆಯ ತಾಯಿ, ಅಂದರೆ ಮಕ್ಕಳ ಅಜ್ಜಿ, ಇದ್ದರೆ ಅವರಿಗೂ ಒಂದು ಪಾಲು. ಮದುವೆಗೆ ಎಷ್ಟು ಖರ್ಚು ಮಾಡಿದರು ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. 'ನಮ್ಮ ತಕರಾರಿಲ್ಲ' ಅಂತ ನೋಟರಿ ಮುಂದೆ ಬರೆದ ಕಾಗದ ಸಾಲದು. ಒಂದೋ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು, ಇಲ್ಲವೇ ತಂಗಿಯರೂ ನಿಮ್ಮ ಕ್ರಯಪತ್ರಕ್ಕೆ ಮಾರುವವರಾಗಿ ಸಹಿ ಹಾಕಬೇಕು. ನನಗೆ ಎರಡನೆಯದೇ ವಾಸಿ. ಯಾರಾದರೂ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳಿಸಲಿ. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸುವುದನ್ನು ಮರೆಯಬೇಡಿ.