ಇಗರ್ಜಿಯ ಅಂಗಳದ ಕನ್ನಡ ಶಾಲೆ: ಕಾಸರಗೋಡಿನಿಂದ ಒಂದು ಉತ್ತರ

ಮಗುವನ್ನು ಇಗರ್ಜಿಯ, ಅಂದರೆ ಚರ್ಚಿನ, ಶಾಲೆಗೆ ಸೇರಿಸಿದರೆ ಪೂಜೆಗೂ ಕೂರಿಸುತ್ತಾರಾ ಎಂದು ಘಟ್ಟದ ಮೇಲಿನಿಂದ ಇಲ್ಲಿಗೆ ಬರುವವರು ಮೊದಲು ಕೇಳುತ್ತಾರೆ. ಕೂರಿಸುವುದಿಲ್ಲ. ಸರ್ಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಯಾವ ಮಗುವನ್ನೂ ಧರ್ಮಬೋಧೆಗೆ ಕೂರಿಸುವಂತಿಲ್ಲ, ಸಂವಿಧಾನದ 28(3)ನೇ ವಿಧಿಯಲ್ಲೇ ಅದು ಉಂಟು. ಕ್ರೈಸ್ತ ಮಕ್ಕಳ ಧರ್ಮಪಾಠ, ಅಂದರೆ ದೊತೊರ್ನ್, ಸಾಮಾನ್ಯವಾಗಿ ಭಾನುವಾರದ ಬಲಿಪೂಜೆಯ ಹೊತ್ತಿಗೆ ನಡೆಯುತ್ತದೆ.

ಇಲ್ಲಿನ ವ್ಯವಸ್ಥೆ ಹೊರಗಿನವರಿಗೆ ಸ್ವಲ್ಪ ಗೋಜಲು. ರಾಜ್ಯ ಕೇರಳ, ಆದರೆ ಚಂದ್ರಗಿರಿ ಹೊಳೆಯ ಉತ್ತರಕ್ಕೆ ಬೇಳ, ಕಯ್ಯಾರು, ಮಂಜೇಶ್ವರ, ವರ್ಕಾಡಿ ಕಡೆಯ ಕೊಂಕಣಿ ಇಗರ್ಜಿಗಳು ಮಂಗಳೂರು ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪರ ವ್ಯಾಪ್ತಿಗೆ, ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು, ಇಗರ್ಜಿಗಳು ಮಂಗಳೂರಿನಲ್ಲೇ ಉಳಿದವು. ಹಾಗಾಗಿ ಅನುದಾನಿತ ಶಾಲೆಯ ಸಂಬಳ, ಪಠ್ಯಪುಸ್ತಕ, ಪರೀಕ್ಷೆ ಎಲ್ಲ ತಿರುವನಂತಪುರದ ಲೆಕ್ಕ. ಕಟ್ಟಡ, ಅಂಗಳ, ಬಾವಿ ಇಗರ್ಜಿಯ ಆಡಳಿತದ ಹೊಣೆ. ಸುತ್ತೋಲೆ ಮಲಯಾಳದಲ್ಲಿ ಬರುತ್ತದೆ, ಪಾಠ ಕನ್ನಡದಲ್ಲಿ, ಅಂಗಳದ ಆಟ ತುಳುವಿನಲ್ಲಿ, ಇಗರ್ಜಿಯ ಪ್ರಾರ್ಥನೆ ಕೊಂಕಣಿಯಲ್ಲಿ.

ಆ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ. ಪ್ರಾರ್ಥನೆಯ ಪುಸ್ತಕ, ಗಾಯನದ ಪುಸ್ತಕ, 1938ರಿಂದ ಮಂಗಳೂರಿನಿಂದ ಬರುತ್ತಿರುವ ರಾಕ್ಣೊ ವಾರಪತ್ರಿಕೆ, ಎಲ್ಲವೂ ಅದರಲ್ಲೇ. ಇಂಗ್ಲಿಷ್ ಅಥವಾ ಮಲಯಾಳ ಮಾಧ್ಯಮಕ್ಕೆ ಹೋದ ಮಗು ಮನೆಯಲ್ಲಿ ಕೊಂಕಣಿ ಮಾತಾಡುತ್ತದೆ, ಇಗರ್ಜಿಯಲ್ಲಿ ಪುಸ್ತಕ ಕೊಟ್ಟರೆ ಓದಲಾಗುವುದಿಲ್ಲ. ಬೈಬಲ್ ವಾಚನಕ್ಕೆ ನಿಲ್ಲಿಸಬೇಕಾದರೆ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಡಬೇಕು. ಆಗ ಳ ಮತ್ತು ಲ, ಣ ಮತ್ತು ನ ಒಂದೇ ಆಗಿ ಉಚ್ಚಾರ ಕೆಡುತ್ತದೆ. ಕನ್ನಡ ಮಾಧ್ಯಮದ ಒಂದನೇ ತರಗತಿಗೆ ಮಕ್ಕಳು ಕಡಿಮೆಯಾದರೆ ಅದು ಶಾಲೆಯವರ ಚಿಂತೆ ಮಾತ್ರವಲ್ಲ. ಕೆಲವು ವರ್ಷಗಳಲ್ಲಿ ಇಗರ್ಜಿಯ ಗಾಯನ ತಂಡಕ್ಕೂ ಅದೇ ಚಿಂತೆ ಬರುತ್ತದೆ. ಇದನ್ನು ಇಗರ್ಜಿಯವರೇ ಇನ್ನೂ ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲ ಎಂಬುದು ನನ್ನ ಅಭಿಪ್ರಾಯ.

ಊರೆಲ್ಲ ಒಟ್ಟಾಗುವುದನ್ನು ನೋಡಬೇಕಾದರೆ ಮೇ ತಿಂಗಳ ಕೊನೆಗೆ ಬನ್ನಿ. ಜೂನ್ ಆರಂಭದಲ್ಲಿ ಶಾಲೆಯೂ ಮಳೆಯೂ ಒಟ್ಟಿಗೇ ಶುರು. ಅದಕ್ಕೆ ಮೊದಲು ಕಟ್ಟಡದ ಸುರಕ್ಷತಾ ಪ್ರಮಾಣಪತ್ರ ಆಗಬೇಕು, ಮಾಡಿನ ಒಡೆದ ಹೆಂಚು ಬದಲಾಗಬೇಕು, ಮಾಡಿನ ಮೇಲೆ ಬಾಗಿದ ಗೆಲ್ಲು ಕಡಿಯಬೇಕು, ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಬೇಕು. ವಾಡೊ ವಾಡೊಗಳ, ಅಂದರೆ ಇಗರ್ಜಿಯ ವಾರ್ಡುಗಳ, ಮುಖಂಡರಾದ ಗುರ್ಕಾರರು ಜನ ಕರೆಯುತ್ತಾರೆ, ರಕ್ಷಕ ಶಿಕ್ಷಕ ಸಂಘದವರೂ ಹಳೆ ವಿದ್ಯಾರ್ಥಿಗಳೂ ಬರುತ್ತಾರೆ. ಬ್ಯಾರಿ, ಬಿಲ್ಲವ, ಬಂಟ, ಯಾರ ಮನೆಯವರು ಎಂದು ಆ ದಿನ ಕೇಳುವವರಿಲ್ಲ.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ಇನ್ನೊಂದು. ಕನ್ನಡದಲ್ಲಿ ತೆನೆ ಹಬ್ಬ ಎನ್ನುತ್ತೇವೆ, ಮಾತೆ ಮರಿಯಮ್ಮನ ಜನ್ಮದಿನ. ಆಗಸ್ಟ್ 30ರಿಂದ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಆ ದಿನಗಳು ಹಲವು ಸಲ ಓಣಂ ಪರೀಕ್ಷೆಗೋ ರಜೆಗೋ ತಾಗುತ್ತವೆ. 2022ರಲ್ಲಂತೂ ತಿರುವೋಣಂ ಸೆಪ್ಟೆಂಬರ್ 8ಕ್ಕೇ ಬಿದ್ದಿತ್ತು.

ಹೂವಿನ ವಿಷಯದಲ್ಲಿ ಹೊಸಬರು ಪೇಟೆಯ ಸೇವಂತಿಗೆಗೆ ಹಣ ಸುರಿಯುತ್ತಾರೆ, ಬೇಡ. ಆ ಕಾಲಕ್ಕೆ ಗೌರಿ ಹೂ, ದಾಸವಾಳ, ಕೇಪುಳ, ಡೇರೆ ಹಿತ್ತಲಲ್ಲೇ ಇರುತ್ತವೆ. ದಾಸವಾಳ ಸಂಜೆಗೆ ಮುದುಡುತ್ತದೆ, ಬೆಳಗ್ಗಿನ ಪೂಜೆಗಾದರೆ ಮಾತ್ರ ಕೊಯ್ಯಿರಿ. ಮಳೆ ನೀರು ಕೊಡವಿ ಬಾಳೆಲೆಯಲ್ಲಿ ಸಡಿಲವಾಗಿ ಕಟ್ಟಿಕೊಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಹೂ ಕೊಳೆಯುತ್ತದೆ. ಗುಲಾಬಿಯಾದರೆ ಮುಳ್ಳಿನ ದಂಟು ತೆಗೆದು ಎಸಳು ಮಾತ್ರ. ನೆಲಕ್ಕೆ ಬಿದ್ದ ಎಸಳಿನ ಮೇಲೆ ಕಾಲು ಜಾರುತ್ತದೆ, ಪೂಜೆ ಮುಗಿದ ಕೂಡಲೇ ಗುಡಿಸಬೇಕು. ಅನ್ಯಧರ್ಮದ ಮಕ್ಕಳು ಗೆಳೆಯರೊಡನೆ ಹೂ ಹಿಡಿದು ಬರುವುದುಂಟು. ಬರಲೇಬೇಕೆಂದಿಲ್ಲ, ಬಂದರೆ ಯಾರೂ ತಡೆಯುವುದಿಲ್ಲ.

ಹಬ್ಬದ ದಿನ ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತದೆ. ಅದರ ಅಕ್ಕಿಯನ್ನು ಪುಡಿಮಾಡಿ ಪಾಯಸಕ್ಕೋ ಹಾಲಿಗೋ ಸೇರಿಸಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಊಟ ಸಸ್ಯಾಹಾರ, ಪಲ್ಯ ಪದಾರ್ಥ ಐದು, ಏಳು, ಒಂಬತ್ತು, ಹೀಗೆ ಬೆಸ ಸಂಖ್ಯೆಯಲ್ಲಿ. ಮಕ್ಕಳಿಗೆ ಕಬ್ಬು.

ಈಗ ಗದ್ದೆಗಳು ಅಡಿಕೆ ತೋಟವಾಗಿರುವುದರಿಂದ ತೆನೆ ಸಿಗುವುದೇ ಕಷ್ಟ. ಶಾಲೆಯ ಮಕ್ಕಳಿಂದ ಗದ್ದೆ ಮಾಡಿಸುವ ಉತ್ಸಾಹ ಒಳ್ಳೆಯದು, ಆದರೆ ಲೆಕ್ಕ ತಪ್ಪಬಾರದು. ಜ್ಯೋತಿ ಎಂಬ ಭತ್ತದ ತಳಿಗೆ ಸುಮಾರು 110ರಿಂದ 125 ದಿನ ಬೇಕು. ಸೆಪ್ಟೆಂಬರ್ 8ಕ್ಕೆ ಮಾಗಿದ ತೆನೆ ಬೇಕಾದರೆ ಮೇ ಮೂರನೇ ವಾರದೊಳಗೆ ಬೀಜ ಹಾಕಿರಬೇಕು, ಆಗ ಶಾಲೆಗೆ ರಜೆ, ನೀರಿಗೂ ಬರ. ಶಾಲೆ ತೆರೆದ ಮೇಲೆ ಬಿತ್ತಿದರೆ ಹಬ್ಬದ ಹೊತ್ತಿಗೆ ತೆನೆ ಹಸಿರು, ಕಾಳಲ್ಲಿ ಇನ್ನೂ ಹಾಲು. ಆಶೀರ್ವಾದಕ್ಕೆ ಆದೀತು, ಅಕ್ಕಿ ಬಿಡಿಸಲಾಗದು. ಅದಕ್ಕೇ ಸಸಿಮಡಿಯನ್ನು ಬಾವಿನೀರು ಇರುವ ಹತ್ತಿರದ ಮನೆಯವರಿಗೆ ವಹಿಸಿ, ನಾಟಿಗೆ ಮಕ್ಕಳನ್ನು ಇಳಿಸಿದರೆ ಸರಿಯಾಗುತ್ತದೆ.

ಇನ್ನೊಂದು ವಿಷಯ. ಶುಕ್ರವಾರ ಜುಮ್ಮಾ ನಮಾಜಿಗಾಗಿ ಮಧ್ಯಾಹ್ನದ ಬಿಡುವು ಉದ್ದ, ಇಗರ್ಜಿಯ ಶಾಲೆಯಲ್ಲೂ ಅಷ್ಟೇ. ಮಗುವನ್ನು ಕರೆದೊಯ್ಯುವ ರಿಕ್ಷಾದವರಿಗೆ ಆ ದಿನದ ಸಮಯ ಬೇರೆಯಾಗಿ ಹೇಳಿಡಿ.