ಮೈಲಿ ಲೆಕ್ಕ ಆಮೇಲೆ, ಮೊದಲು ನಿದ್ದೆ

ತಮ್ಮಾ, ನೀನು ಬರೆದದ್ದನ್ನು ಎರಡು ಸಲ ಓದಿದೆ. ಕೆನಡಾದ ಬ್ರಾಂಪ್ಟನ್‌ಗೆ ಬಂದು ಒಂದು ವರ್ಷ, ದೂರದೂರಿಗೆ ಸರಕು ಒಯ್ಯುವ ಲಾಂಗ್ ಹಾಲ್ ಟ್ರಕ್ ಹತ್ತಿ ನಾಲ್ಕು ತಿಂಗಳು. "ಅಣ್ಣ, ಅಲಾರಂ ಹೊಡೆದರೆ ಅಳು ಬರುತ್ತೆ. ಮನೆಗೆ ಬಂದರೂ ಹೆಂಡತಿ ಹತ್ತಿರ ಮಾತಾಡೋಕೆ ಮನಸ್ಸಿಲ್ಲ. ನಾನು ಸೋಮಾರಿನಾ? ಬಿಟ್ಟು ಊರಿಗೆ ಹೋಗಿಬಿಡ್ಲಾ?" ಅಂತ ಕೇಳಿದ್ದೀಯ.

ಸೋಮಾರಿಯಾದವನು ನಾಲ್ಕು ತಿಂಗಳು ಟೊರಾಂಟೊದಿಂದ ವಿನ್ನಿಪೆಗ್‌ಗೆ ಓಡಿಸುವುದಿಲ್ಲ. ದಾರಿಯಲ್ಲಿ ಸಿಗುವ ಥಂಡರ್ ಬೇ ಊರು ಮುಟ್ಟುವುದಕ್ಕೇ ಸುಮಾರು 1,400 ಕಿಲೋಮೀಟರ್, ಅಲ್ಲಿಂದ ಇನ್ನೂ 700. ಸುಪೀರಿಯರ್ ಸರೋವರದ ಉತ್ತರಕ್ಕೆ ಹೋಗುವ ಹೈವೇ 17 ಬಹುಪಾಲು ಎರಡೇ ಲೇನ್. ಎದುರಿಗೆ ಇನ್ನೊಂದು ಟ್ರಕ್, ಪಕ್ಕದಲ್ಲಿ ಬಂಡೆ, ಕತ್ತಲಲ್ಲಿ ಮೂಸ್ ಅನ್ನುವ ದೊಡ್ಡ ಕಡವೆ ಯಾವಾಗ ಅಡ್ಡ ಬರುತ್ತದೋ ಎಂಬ ಭಯ. ಹಿಮ ಜಾಸ್ತಿ ಬಿದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ಹಳಬರಿಗೆ ಇದು ಅಭ್ಯಾಸ. ಹೊಸಬನ ಭುಜ, ದವಡೆ, ಹೊಟ್ಟೆ ಇಡೀ ದಿನ ಬಿಗಿದುಕೊಂಡೇ ಇರುತ್ತವೆ. ನೀನು ದಣಿದಿದ್ದೀಯ, ಅಷ್ಟೇ. ಆದರೆ ಆ ದಣಿವು ಒಂದು ರಾತ್ರಿ ಮಲಗಿದರೆ ಹೋಗುವಂಥದ್ದಲ್ಲ.

ನನಗೂ ಆಗಿತ್ತು. ಮೊದಲನೇ ಚಳಿಗಾಲ, ಬೆಳಗಿನ ಜಾವ ಮೂರೂವರೆ. ಮ್ಯಾರಥಾನ್ ಊರಿನ ಬೋರ್ಡ್ ಕಂಡಿತು. ಅದಕ್ಕೂ ಮುಂಚಿನ ವೈಟ್ ರಿವರ್ ದಾಟಿದ್ದು ಯಾವಾಗ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕಣ್ಣು ಬಿಟ್ಟುಕೊಂಡೇ ಇದ್ದೆ, ಆದರೆ ಆ ದಾರಿ ತಲೆಯಲ್ಲಿ ಉಳಿದೇ ಇರಲಿಲ್ಲ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ 25 ಮೀಟರ್ ಹೋಗುತ್ತೇವೆ. ನಾಲ್ಕು ಸೆಕೆಂಡ್ ಮಂಪರು ಬಂದರೆ 100 ಮೀಟರ್. ಗಾಡಿಯನ್ನು ಟ್ರಕ್ ಸ್ಟಾಪ್‌ಗೆ ಹಾಕಿ ಲೋಡ್ ಹಂಚುವ ಡಿಸ್ಪ್ಯಾಚರ್‌ಗೆ ಫೋನ್ ಮಾಡಿದೆ. ಚೆನ್ನಾಗಿ ಬೈದರು. ಬೆಳಿಗ್ಗೆ ಲೋಡ್ ಇಳಿಯದಿದ್ದರೆ ಬೇರೆ ಕೆಲಸ ನೋಡಿಕೋ ಅಂದರು. ಕೈ ನಡುಗುತ್ತಿತ್ತು, ಆದರೂ ಮಲಗಿದೆ. ಲೋಡ್ ಒಂಬತ್ತು ಗಂಟೆ ತಡವಾಗಿ ಮುಟ್ಟಿತು. ಮುಂದಿನ ವಾರ ಅದೇ ಮನುಷ್ಯ ಇನ್ನೊಂದು ಲೋಡ್ ಕೊಟ್ಟರು.

ಆಮೇಲೆ ನನಗೆ ಗೊತ್ತಾದದ್ದನ್ನು ನಿನಗೆ ಈಗಲೇ ಹೇಳುತ್ತೇನೆ. ದಣಿವಿನಿಂದ ಸರಿಯಾಗಿ ಓಡಿಸಲಾಗದ ಡ್ರೈವರ್ ಗಾಡಿ ಓಡಿಸಬಾರದು, ಅವನಿಂದ ಕಂಪನಿ ಓಡಿಸಲೂಬಾರದು ಅಂತ ಕೆನಡಾದ ಕೇಂದ್ರ ನಿಯಮದಲ್ಲೇ ಇದೆ. ಓಡಿಸಿದ ಗಂಟೆ ದಾಖಲಾಗುವ ಲಾಗ್‌ನಲ್ಲಿ ಇನ್ನೂ ನಾಲ್ಕು ಗಂಟೆ ಉಳಿದಿದ್ದರೂ ಸರಿ. ದಿನಕ್ಕೆ 13 ಗಂಟೆ ಡ್ರೈವಿಂಗ್ ಅನ್ನುವುದು ಮೇಲಿನ ಮಿತಿ. ಅಷ್ಟು ಓಡಿಸಲೇಬೇಕು ಅಂತ ಎಲ್ಲೂ ಬರೆದಿಲ್ಲ. ಹೊಸಬರು ಇದನ್ನೇ ತಪ್ಪು ತಿಳಿಯುತ್ತಾರೆ. ಹೇಳುವಾಗ "ಐ ಆ್ಯಮ್ ಟೂ ಟಯರ್ಡ್ ಟು ಡ್ರೈವ್ ಸೇಫ್ಲಿ" ಅಂತ ಮೆಸೇಜ್‌ನಲ್ಲೇ ಬರೆದು ಕಳಿಸು. ಬರೆದದ್ದು ಉಳಿಯುತ್ತದೆ.

ಇನ್ನು ನಿದ್ದೆ. ಲಾಗ್‌ನಲ್ಲಿ ಸತತ ಎಂಟು ಗಂಟೆ ಆಫ್ ಡ್ಯೂಟಿ ಅಂತ ಕಾಣುತ್ತದೆ. ಊಟ, ಶವರ್ ಕ್ಯೂ, ಫೋನ್ ಎಲ್ಲ ಕಳೆದರೆ ನಿದ್ದೆ ಐದೇ ಗಂಟೆ, ಅಲ್ವಾ? ಚಳಿಗಾಲದಲ್ಲಿ ನೀನು ರಾತ್ರಿ 9ಕ್ಕೆ ಟ್ರಕ್ಕಿನೊಳಗಿನ ಹಾಸಿಗೆಗೆ ಹೋದಾಗ ಊರಲ್ಲಿ ಬೆಳಿಗ್ಗೆ 7.30. ಅಮ್ಮ ಕಾಫಿ ಕುಡಿದು ಫೋನ್ ಮಾಡುವ ಹೊತ್ತು ಅದು. ನನ್ನ ಅಮ್ಮನಿಗೆ ನಾನೇ ಹೇಳಿದೆ, ಇನ್ನು ಮೇಲೆ ನಾನೇ ಮಾಡುತ್ತೇನೆ, ಇಂಥ ಹೊತ್ತಿಗೆ ಅಂತ. ಮೊದಲು ಬೇಜಾರಾದರು. ಈಗ ಆ ಹೊತ್ತಿಗೆ ಕಾಯುತ್ತಾರೆ. ಇನ್ನೊಂದು, ಬೆಳಗಿನ ಜಾವ 2ರಿಂದ 5ರವರೆಗೆ ಮೈ ತಾನಾಗಿಯೇ ಕುಸಿಯುತ್ತದೆ. ಕಾಫಿ ಎಷ್ಟು ಕುಡಿದರೂ ಅಷ್ಟೇ. ಈ ವಾರ ರಾತ್ರಿ, ಮುಂದಿನ ವಾರ ಹಗಲು ಅಂತ ಲೋಡ್ ಕೊಡುತ್ತಿದ್ದರೆ ಅದನ್ನು ಮೊದಲು ನಿಲ್ಲಿಸು. ಹಗಲಾದರೆ ಹಗಲು, ರಾತ್ರಿಯಾದರೆ ರಾತ್ರಿ, ಒಂದೇ ಇರಲಿ ಅಂತ ಕೇಳು. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಜಾಸ್ತಿ ಫರಕ್ ಮಾಡಿದ್ದು ಇದೇ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ರಕ್‌ಗೆ ಸಿಕ್ಕಿಸುವ 12 ವೋಲ್ಟ್ ಲಂಚ್ ಬಾಕ್ಸ್ ಓವನ್ ತಗೋ. ಹುಳಿ, ಅನ್ನ, ಚಟ್ನಿಪುಡಿ ಒಯ್ಯಿ. ಪಂಜಾಬಿ ಡ್ರೈವರ್‌ಗಳು ಊಟಕ್ಕೆ ಕರೆದರೆ ಸುಮ್ನೆ ಹೋಗಿ ಕೂತುಕೋ. ಇಡೀ ದಿನದಲ್ಲಿ ಮನುಷ್ಯರ ಜೊತೆ ಆಡುವ ಮಾತು ಅದೊಂದೇ ಆಗಿರಬಹುದು.

ದುಡ್ಡಿನ ಮಾತು. ಮೈಲಿ ಲೆಕ್ಕದ ಸಂಬಳದಲ್ಲಿ ಸರಕು ಹತ್ತಿಸಿ ಇಳಿಸುವ ಡಾಕ್‌ನಲ್ಲಿ ಐದು ಗಂಟೆ ಕಾದದ್ದಕ್ಕೆ ಏನೂ ಬರುವುದಿಲ್ಲ ಅಂತ ಬರೆದಿದ್ದೀಯ. ಆ ಐದು ಗಂಟೆ ಮನಸ್ಸನ್ನು ತಿನ್ನುವಷ್ಟು ರಸ್ತೆಯೂ ತಿನ್ನುವುದಿಲ್ಲ. ವೇಟಿಂಗ್ ದುಡ್ಡು ಕೊಡುವ ಕಂಪನಿಗಳಿವೆ, ಹುಡುಕು. ನಿನ್ನದೇ ಕಂಪನಿ (ಕಾರ್ಪೊರೇಷನ್) ಮಾಡಿಕೋ, ಟ್ಯಾಕ್ಸ್ ಕಡಿಮೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡ. ಆಗ ನೀನು ನೌಕರ ಅಲ್ಲ ಅಂತ ಬಿಡುತ್ತಾರೆ, ರಜೆ, ಓವರ್‌ಟೈಮ್ ಎಲ್ಲ ಹೋಗುತ್ತದೆ. ಪ್ರಾಂತ್ಯ ದಾಟಿ ಓಡಿಸುವ ನೌಕರನಿಗೆ 2022ರ ಡಿಸೆಂಬರ್‌ನಿಂದ ವರ್ಷಕ್ಕೆ 10 ದಿನದವರೆಗೆ ಸಂಬಳದ ಅನಾರೋಗ್ಯ ರಜೆ ಇದೆ. 30 ದಿನ ಕೆಲಸ ಮಾಡಿದರೆ ಮೊದಲ ಮೂರು ದಿನ ಸಿಗುತ್ತದೆ, ಆಮೇಲೆ ತಿಂಗಳಿಗೊಂದು. ನಿನ್ನ ಲೆಕ್ಕದಲ್ಲಿ ಈಗಾಗಲೇ ಕೆಲವು ದಿನ ಇದ್ದೇ ಇವೆ. ಬಳಸಿಕೋ. ಸಾಲ ತೀರಿಸಬೇಕು ಅನ್ನುವುದು ನನಗೆ ಅರ್ಥವಾಗುತ್ತದೆ, ನಾನೂ ಸಾಲ ಮಾಡಿಯೇ ಬಂದವನು. ಮೂರು ದಿನ ಮಲಗಿದರೆ ಸಾಲ ಬೆಳೆಯುವುದಿಲ್ಲ.

ಊರಿಗೆ ಹೋಗಬೇಕಾ ಬೇಡವಾ ಅನ್ನುವುದನ್ನು ಆ ಮೂರು ದಿನದ ಮುಂಚೆ ತೀರ್ಮಾನ ಮಾಡಬೇಡ. ನಿದ್ದೆಗೆಟ್ಟ ತಲೆಗೆ ಎಲ್ಲ ದಾರಿಯೂ ಒಂದೇ ಥರ ಕಾಣುತ್ತದೆ. ಮಲಗೆದ್ದ ಮೇಲೂ ಅಳು ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗು, ಹೆಂಡತಿಯನ್ನೂ ಕರೆದುಕೊಂಡು ಹೋಗು. ಬದುಕೇ ಬೇಡ ಅನ್ನಿಸಿದರೆ ಒಂದು ನಿಮಿಷವೂ ಕಾಯಬೇಡ, ಆತ್ಮಹತ್ಯೆ ತಡೆಯುವ ಸಹಾಯವಾಣಿ 988ಕ್ಕೆ ಫೋನ್ ಮಾಡು, ಇಲ್ಲ ಮೆಸೇಜ್ ಮಾಡು. ರಾತ್ರಿ ಎಷ್ಟು ಹೊತ್ತಾದರೂ ಎತ್ತುತ್ತಾರೆ. ಕೆಲಸ ಬೇಡವೇ ಬೇಡ ಅನ್ನಿಸಿದರೆ ಸಿಟಿ ಒಳಗಿನ ಡೆಲಿವರಿ ಇದೆ, ಸಂಜೆ ಮನೆಗೆ ಬರಬಹುದು. ಸಂಬಳ ಸ್ವಲ್ಪ ಕಡಿಮೆ. ನಾನು ಎರಡು ವರ್ಷ ಅದನ್ನೇ ಮಾಡಿದೆ, ಮಗಳು ನಡೆಯಲು ಕಲಿತದ್ದನ್ನು ನೋಡಿದೆ.

ಈ ಟ್ರಿಪ್ ಮುಗಿಸಿ ಬಂದ ಭಾನುವಾರ ಇಬ್ಬರೂ ನಮ್ಮ ಮನೆಗೆ ಬನ್ನಿ. ನಿನ್ನ ಅತ್ತಿಗೆ ಬಸ್ಸಾರು, ಮುದ್ದೆ ಮಾಡುತ್ತಾಳೆ. ಊಟ ಮಾಡಿ ಮಧ್ಯಾಹ್ನ ಇಲ್ಲೇ ಮಲಗು, ಯಾರೂ ಎಬ್ಬಿಸುವುದಿಲ್ಲ.